‘ಮೋಟಾರ್ ಹೋಗಿದೆ’ ಅಂದರೆ ನಿಜಕ್ಕೂ ಏನು ಹೋಗಿದೆ? ಒಟ್ಟು 38 ದಿನ ಸರ್ವಿಸ್ ಸೆಂಟರ್‌ನಲ್ಲೇ ನಿಂತ ಎಲೆಕ್ಟ್ರಿಕ್ ಸ್ಕೂಟರ್

ಪ್ರಶ್ನೆ:

ನಾನು ದಾವಣಗೆರೆಯವಳು, ಹೈಸ್ಕೂಲ್ ಟೀಚರ್. 14 ತಿಂಗಳ ಹಿಂದೆ ಸಾಲ ಮಾಡಿ ಎಲೆಕ್ಟ್ರಿಕ್ ಸ್ಕೂಟರ್ ತಗೊಂಡೆ. ಹಿಂದಿನ ಚಕ್ರದಲ್ಲೇ ಮೋಟಾರ್ ಇರುವ ಗಾಡಿ. ದಿನಾ ಹರಿಹರಕ್ಕೆ ಹೋಗಿ ಬರುತ್ತೇನೆ, 11,000 ಕಿ.ಮೀ. ಓಡಿದೆ. ಈ ಮಳೆಗಾಲದಲ್ಲಿ ಬೆಳಿಗ್ಗೆ ಹೊರಡುವಾಗ ಗಾಡಿ ಗಡಗಡ ನಡುಗೋಕೆ ಶುರು ಮಾಡಿತು. ಕಾಲಲ್ಲಿ ಸ್ವಲ್ಪ ತಳ್ಳಿದರೆ ಹೊರಡುತ್ತಿತ್ತು, ಆಮೇಲೆ ಏನೂ ತೊಂದರೆ ಇರುತ್ತಿರಲಿಲ್ಲ. ಮಧ್ಯಾಹ್ನ ಬಿಸಿಲು ಬಂದರೆ ಸರಿಯಾಗಿರುತ್ತಿತ್ತು. ಒಂದು ದಿನ ಪೂರ್ತಿ ನಿಂತೇಹೋಯಿತು. ಸರ್ವಿಸ್ ಸೆಂಟರ್‌ನವರು ಮೋಟಾರ್‌ಗೆ ಕರೆಂಟು ಬಿಡುವ ಕಂಟ್ರೋಲರ್ ಹೋಗಿದೆ ಅಂದರು, 16 ದಿನ ಆದಮೇಲೆ ಹೊಸದು ಹಾಕಿ ಕೊಟ್ಟರು. ಮೂರೇ ದಿನಕ್ಕೆ ಮತ್ತೆ ಅದೇ ನಡುಕ. ಈಗ ಮೋಟಾರ್ ಹೋಗಿದೆ, ಕಂಪನಿಯಿಂದ ಬರಬೇಕು ಅಂತಾರೆ. ಒಟ್ಟು 38 ದಿನ ಆಯಿತು. ಹೋದ ವಾರ, ‘ಒಳಗೆ ನೀರು ಹೋಗಿದ್ದರೆ ವಾರಂಟಿ ಬರಲ್ಲ, ನೀವೇ ದುಡ್ಡು ಕಟ್ಟಬೇಕಾಗುತ್ತೆ’ ಅಂತ ಹೊಸ ಮಾತು ತೆಗೆದಿದ್ದಾರೆ. ಮಳೆಯಲ್ಲಿ ಓಡಿಸಿದ್ದು ನನ್ನ ತಪ್ಪಾ? ಇಷ್ಟು ಬೇಗ ಮೋಟಾರ್ ಹೋಗುತ್ತಾ? ಕಂತು ಕಟ್ಟೋದು ನಿಲ್ಲಿಸಿಬಿಡಲಾ?

ಉತ್ತರ:

ಮೇಡಂ, ಮಳೆಯಲ್ಲಿ ಗಾಡಿ ಓಡಿಸಿದ್ದು ನಿಮ್ಮ ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪತ್ರ ಓದಿದಾಗ, ಗಾಡಿ ಕೆಟ್ಟಿದ್ದಕ್ಕಿಂತ ‘ನಂದೇ ತಪ್ಪಿರಬಹುದಾ’ ಅನ್ನೋ ಅಳುಕೇ ನಿಮ್ಮನ್ನು ಜಾಸ್ತಿ ಕಾಡುತ್ತಿದೆ ಅನ್ನಿಸಿತು. ಸ್ಕೂಟರ್ ಇರುವುದೇ ಮಳೆ, ಬಿಸಿಲು ಎರಡರಲ್ಲೂ ಓಡಿಸೋಕೆ. ಮಳೆಗೆ ತಡೆಯದ ಗಾಡಿಯನ್ನು ಮಳೆ ಬೀಳುವ ಊರಲ್ಲಿ ಮಾರಬಾರದು.

ಎರಡನೆಯ ಮಾತು ಇನ್ನೂ ಮುಖ್ಯ. ನೀವು ಬರೆದ ಲಕ್ಷಣ ನೋಡಿದರೆ ನಿಮ್ಮ ಮೋಟಾರ್ ಸುಟ್ಟುಹೋಗಿರುವ ಹಾಗೆ ಕಾಣುವುದಿಲ್ಲ. ಸುಟ್ಟ ಮೋಟಾರ್ ಬಿಸಿಲು ಬಂದಾಗ ಸರಿಹೋಗಲ್ಲ. ಕಾಲಲ್ಲಿ ತಳ್ಳಿದರೆ ಹೊರಡೋದಿಲ್ಲ. ನಿಮ್ಮ ಗಾಡಿಗೆ ಬಂದಿರುವುದು ಬಹುಶಃ ಬಹಳ ಚಿಕ್ಕ ರೋಗ. ಅದನ್ನು ಹುಡುಕದೆ ದೊಡ್ಡ ಸಾಮಾನಿಗೆ ಕಾಯುತ್ತಾ ಕೂತಿದ್ದಾರೆ ಅನ್ನೋದು ನನ್ನ ಅನುಮಾನ. ಯಾಕೆ ಹಾಗೆ ಅನ್ನುತ್ತೇನೆ ಅನ್ನೋದು ತಿಳಿಯಬೇಕಾದರೆ ಆ ಚಕ್ರದ ಒಳಗೆ ಏನಿದೆ ಅಂತ ಒಂದು ಸಲ ನೋಡಬೇಕು.

ಚಕ್ರದೊಳಗಿನ ಮೋಟಾರ್‌ನಲ್ಲಿ ನಡುವಿನ ಭಾಗ ತಿರುಗುವುದಿಲ್ಲ. ಅಲ್ಲಿ ತಾಮ್ರದ ತಂತಿ ಸುತ್ತಿದ ಕಾಯಿಲ್‌ಗಳಿವೆ. ಅದರ ಸುತ್ತ ಒಂದು ಉಕ್ಕಿನ ಬಳೆ, ಬಳೆಯ ಒಳಮೈಗೆ ಸಾಲಾಗಿ ಅಂಟಿಸಿದ ಅಯಸ್ಕಾಂತಗಳು. ಕಾಯಿಲ್‌ಗೆ ಸರದಿಯಂತೆ ಕರೆಂಟು ಬಿಟ್ಟರೆ ಬಳೆ ತಿರುಗುತ್ತದೆ, ಬಳೆಯ ಜೊತೆ ಚಕ್ರ ತಿರುಗುತ್ತದೆ. ಹಳೆಯ ಮೋಟಾರ್‌ಗಳ ಹಾಗೆ ಇಂಗಾಲದ ಬ್ರಷ್ ಇಲ್ಲ. ಉಜ್ಜಿ ಸವೆಯುವುದು ಅಂದರೆ ಎರಡು ಬೇರಿಂಗ್ ಮಾತ್ರ. ಆದ್ದರಿಂದಲೇ ಇಂಥ ಮೋಟಾರ್ ಸಾಮಾನ್ಯವಾಗಿ ಗಟ್ಟಿ. 11,000 ಕಿ.ಮೀ.ಗೆ ಅದರ ಕಾಯಿಲ್ ಸುಮ್ನೆ ಹೋಗಬಾರದು.

ಆದರೆ ಯಾವ ಕಾಯಿಲ್‌ಗೆ ಯಾವಾಗ ಕರೆಂಟು ಬಿಡಬೇಕು? ಉಯ್ಯಾಲೆ ತೂಗುವವರಿಗೆ ಉಯ್ಯಾಲೆ ಎಲ್ಲಿದೆ ಅಂತ ಕಾಣಬೇಕು ಅಲ್ವಾ? ಹಿಂದೆ ಬಂದು ನಿಂತ ಗಳಿಗೆಗೆ ತಳ್ಳಿದರೆ ತೂಗುತ್ತದೆ. ಇನ್ನೂ ಬರುತ್ತಿರುವಾಗಲೇ ತಳ್ಳಿದರೆ ಕೈಗೇ ಪೆಟ್ಟು. ಕಂಟ್ರೋಲರ್‌ಗೂ ಹಾಗೆಯೇ ಅಯಸ್ಕಾಂತ ಈಗ ಎಲ್ಲಿದೆ ಅಂತ ಗೊತ್ತಾಗಬೇಕು. ಅದನ್ನು ನೋಡಿ ಹೇಳೋಕೆ ಕಾಯಿಲ್‌ಗಳ ಸಂದಿಯಲ್ಲಿ ಮೂರು ಹಾಲ್ ಸೆನ್ಸರ್‌ಗಳನ್ನು ಅಂಟಿಸಿರುತ್ತಾರೆ. ಜೋಳದ ಕಾಳಿನಷ್ಟು ಗಾತ್ರದ ಕಪ್ಪು ಚಿಪ್. ಬಿಡಿಯಾಗಿ ತಗೊಂಡರೆ ಬಹಳ ಅಗ್ಗದ ಸಾಮಾನು. ಅವುಗಳಿಂದ ಐದು ಸಣ್ಣ ವೈರ್ ಹೊರಗೆ ಬರುತ್ತವೆ. ಸಾಮಾನ್ಯವಾಗಿ ಕೆಂಪು, ಕಪ್ಪು ಎರಡು ಕರೆಂಟಿಗೆ. ಹಳದಿ, ಹಸಿರು, ನೀಲಿ ಮೂರು ಸುದ್ದಿ ತರೋಕೆ. ಇವುಗಳ ಜೊತೆಗೆ ಮೂರು ದಪ್ಪ ವೈರ್, ಅವಕ್ಕೆ ನಾವು ಫೇಸ್ ವೈರ್ ಅನ್ನುತ್ತೇವೆ. ಮೋಟಾರ್ ಓಡಿಸುವ ಕರೆಂಟು ಹೋಗುವುದು ಆ ದಪ್ಪ ವೈರ್‌ಗಳಲ್ಲಿ.

ಮೂರು ಸೆನ್ಸರ್‌ನಲ್ಲಿ ಒಂದು ಸುಮ್ಮನಾದರೂ ಸಾಕು, ನಿಂತ ಗಾಡಿ ಹೊರಡುವಾಗ ಗಡಗಡ ನಡುಗುತ್ತದೆ. ತಪ್ಪು ಗಳಿಗೆಗೆ ತಳ್ಳಿದ ಉಯ್ಯಾಲೆ ಅದು. ಕಾಲಲ್ಲಿ ಸ್ವಲ್ಪ ತಳ್ಳಿ ಚಕ್ರ ತಿರುಗೋಕೆ ಶುರುವಾದರೆ, ತಿರುಗುವ ಮೋಟಾರ್‌ನಿಂದ ವಾಪಸ್ ಬರುವ ವೋಲ್ಟೇಜ್ ನೋಡಿಕೊಂಡು ಕೆಲವು ಕಂಟ್ರೋಲರ್‌ಗಳು ಸೆನ್ಸರ್ ಇಲ್ಲದೆಯೂ ಓಡಿಸುತ್ತವೆ. ನೀವು ಬರೆದಿರುವುದು ಅಕ್ಷರಕ್ಕೆ ಅಕ್ಷರ ಇದೇ. ಬೆಳಿಗ್ಗೆ ತೇವದಲ್ಲಿ ನಡುಕ, ಮಧ್ಯಾಹ್ನ ಒಣಗಿದ ಮೇಲೆ ಸರಿ. ಹೊಸ ಕಂಟ್ರೋಲರ್ ಹಾಕಿದರೂ ರೋಗ ಹೋಗಲಿಲ್ಲ. ಹಾಗಾದರೆ ತೊಂದರೆ ಇರುವುದು ಸೆನ್ಸರ್‌ನಲ್ಲಿ, ಇಲ್ಲ ಅದರ ವೈರ್‌ನಲ್ಲಿ, ಇಲ್ಲ ವೈರ್ ಕೂಡುವ ಕಪ್ಲರ್‌ನಲ್ಲಿ. ಕಪ್ಲರ್ ಇರುವುದು ಮೋಟಾರ್‌ನ ಹೊರಗೆ, ಸೀಟಿನ ಕೆಳಗೋ, ಹಿಂದಿನ ಚಕ್ರ ಹಿಡಿದಿರುವ ತೋಳು ಅಂದರೆ ಸ್ವಿಂಗ್‌ಆರ್ಮ್ ಪಕ್ಕಕ್ಕೋ.

ಕಪ್ಲರ್ ಬಗ್ಗೆ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಕೆಲವು ವರ್ಷಗಳ ಹಿಂದೆ ನಾನೊಂದು ಸರ್ವಿಸ್ ಸೆಂಟರ್‌ನಲ್ಲಿ ಕೆಲಸಕ್ಕಿದ್ದೆ. ಮನೆಮನೆಗೆ ಹಾಲು ಹಾಕುವ ಒಬ್ಬರ ಸ್ಕೂಟರ್ ಬಂತು. ಹೊರಡುವಾಗ ನಡುಕ. ಮೋಟಾರ್ ಹೋಗಿದೆ ಅಂತ ನಾನೇ ಬರೆದೆ, ಕಂಪನಿಗೆ ಕಳಿಸಿದೆ. ಮಂಜೂರಾಗಿ ಹೊಸ ಮೋಟಾರ್ ಬರೋಕೆ 41 ದಿನ ಹಿಡಿಯಿತು. ಅಷ್ಟೂ ದಿನ ಅವರು ಸೈಕಲ್ ಮೇಲೆ ಕ್ಯಾನ್ ಕಟ್ಟಿಕೊಂಡು ಹೋದರು. ಹೊಸದನ್ನು ಕೂರಿಸುವ ದಿನ ಹಳೆಯದರ ಕಪ್ಲರ್ ಬಿಚ್ಚಿದೆ. ಐದು ಪಿನ್‌ಗಳಲ್ಲಿ ನಾಲ್ಕು ಹೊಳೆಯುತ್ತಿದ್ದವು. ಹಸಿರು ವೈರ್‌ನ ಪಿನ್ ಮೇಲೆ ಹಸಿರು ಪಾಚಿ ಕಟ್ಟಿದ ಹಾಗೆ ತುಕ್ಕು. ಸೂಜಿಯಲ್ಲಿ ಕೆರೆದೆ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆ, ಮತ್ತೆ ಕೂಡಿಸಿದೆ. ಹಳೆಯ ಮೋಟಾರೇ ಬೆಣ್ಣೆಯ ಹಾಗೆ ತಿರುಗಿತು. ಒಂದು ಪಿನ್‌ಗೋಸ್ಕರ ಒಬ್ಬ ಮನುಷ್ಯ 41 ದಿನ ಸೈಕಲ್ ತುಳಿದಿದ್ದರು. ಅವರಿಗೆ ನಡೆದದ್ದು ಹೇಳಿ ಕ್ಷಮೆ ಕೇಳಿದೆ. ಅಂದಿನಿಂದ ನನ್ನ ಕೈಗೆ ಬಂದ ಯಾವ ಗಾಡಿಗೂ ಕಪ್ಲರ್ ಬಿಚ್ಚಿ ನೋಡದೆ ‘ಮೋಟಾರ್ ಹೋಗಿದೆ’ ಅಂತ ಬರೆದಿಲ್ಲ.

‘ಮೋಟಾರ್ ಹೋಗಿದೆ’ ಅನ್ನೋ ಒಂದೇ ಮಾತಿನ ಒಳಗೆ ಬೇರೆ ಬೇರೆ ರೋಗಗಳಿವೆ. ಪ್ರತಿಯೊಂದಕ್ಕೂ ಪರೀಕ್ಷೆ ಇದೆ, ಯಾವುದಕ್ಕೂ ಅರ್ಧ ಗಂಟೆಗಿಂತ ಜಾಸ್ತಿ ಬೇಡ. ನೀವು ಕೇಳಬೇಕಾದ ಪ್ರಶ್ನೆ ‘ಮೋಟಾರ್ ಯಾವಾಗ ಬರುತ್ತೆ’ ಅಲ್ಲ. ‘ಮೋಟಾರ್‌ನಲ್ಲಿ ಏನು ಹೋಗಿದೆ, ಯಾವ ಪರೀಕ್ಷೆ ಮಾಡಿದಿರಿ, ರೀಡಿಂಗ್ ಎಷ್ಟು ಬಂತು’ ಅಂತ ಕೇಳಿ.

ಹಾಲ್ ಸೆನ್ಸರ್ ಪರೀಕ್ಷೆಗೆ ಸಾದಾ ಮಲ್ಟಿಮೀಟರ್ ಸಾಕು. ಗಾಡಿ ಸೆಂಟರ್ ಸ್ಟ್ಯಾಂಡ್ ಮೇಲಿರಬೇಕು, ಕೀ ಆನ್ ಇರಬೇಕು. ಮೀಟರ್‌ನ ಒಂದು ಕಡ್ಡಿ ಕಪ್ಪು ವೈರ್‌ಗೆ, ಇನ್ನೊಂದು ಹಳದಿಗೆ. ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಿದರೆ ವೋಲ್ಟೇಜ್ ಸೊನ್ನೆಯ ಹತ್ತಿರ, ಐದರ ಹತ್ತಿರ, ಮತ್ತೆ ಸೊನ್ನೆ, ಹೀಗೆ ಹಾರುತ್ತಾ ಇರಬೇಕು. ಹಸಿರಿಗೂ ನೀಲಿಗೂ ಇದೇ. ಯಾವುದು ಹಾರದೆ ಒಂದೇ ಕಡೆ ನಿಂತಿದೆಯೋ ಅದೇ ಕಳ್ಳ. ಇದನ್ನು ಕಂಪನಿಯ ಟೆಕ್ನಿಷಿಯನ್ ಕೈಯಲ್ಲೇ ಮಾಡಿಸಿ. ಬೇರೆಯವರು ಬಿಚ್ಚಿ ಮುಟ್ಟಿದರೆ ವಾರಂಟಿಗೆ ನೆಪ ಸಿಗುತ್ತದೆ.

ಕಂಟ್ರೋಲರ್ ಹೋದರೆ ಲಕ್ಷಣವೇ ಬೇರೆ. ಅದರೊಳಗೆ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಹಚ್ಚಿ ಆರಿಸುವ ಮಾಸ್‌ಫೆಟ್‌ಗಳಿವೆ. ಅವು ಸುಟ್ಟು ಶಾರ್ಟ್ ಆದರೆ ಕೀ ಆಫ್ ಇದ್ದರೂ ಚಕ್ರ ಹಗುರಾಗಿ ತಿರುಗಲ್ಲ, ಯಾರೋ ಹಿಡಿದು ಬಿಟ್ಟ ಹಾಗೆ ತಡೆದು ತಡೆದು ತಿರುಗುತ್ತದೆ. ಆಗ ಬ್ಯಾಟರಿ ಬೇರೆ ಮಾಡಿ ಮೂರು ದಪ್ಪ ವೈರ್ ಬಿಚ್ಚಬೇಕು. ಬಿಚ್ಚಿದ ಮೇಲೆ ಚಕ್ರ ಹಗುರಾದರೆ ಕಂಟ್ರೋಲರ್‌ನದ್ದೇ ತಪ್ಪು. ಆಗಲೂ ಬಿಗಿಯಾಗೇ ಇದ್ದರೆ ಮೋಟಾರ್ ಅಥವಾ ಅದರ ಕೇಬಲ್. ನಿಮ್ಮ ಗಾಡಿಗೆ ಈ ಪರೀಕ್ಷೆ ಮೊದಲ ದಿನವೇ ಮಾಡಿದ್ದರೆ ಆ 16 ದಿನ ಉಳಿಯುತ್ತಿತ್ತು. ಬೇರಿಂಗ್ ಹೋದರೆ ಶಬ್ದವೇ ಹೇಳುತ್ತದೆ, ಚಕ್ರ ಅಲ್ಲಾಡಿಸಿದರೆ ಕೈಗೂ ಗೊತ್ತಾಗುತ್ತದೆ.

ಕಾಯಿಲ್ ನಿಜವಾಗಿ ಸುಡುವುದು ಬಿಸಿಗೆ. ಕರೆಂಟು ಎರಡು ಪಟ್ಟಾದರೆ ಕಾಯಿಲ್‌ನಲ್ಲಿ ಹುಟ್ಟುವ ಬಿಸಿ ನಾಲ್ಕು ಪಟ್ಟಾಗುತ್ತದೆ. ಚಕ್ರದ ಒಳಗಿನ ಮೋಟಾರ್‌ಗೆ ಇನ್ನೊಂದು ಕಷ್ಟ ಇದೆ. ಬಿಸಿಯಾಗುವ ಕಾಯಿಲ್ ನಡುವೆ ಇದೆ, ಅದರ ಬಿಸಿ ತೆಳ್ಳನೆಯ ಗಾಳಿಯ ಸಂದಿ ದಾಟಿ ಹೊರಗಿನ ಬಳೆಗೆ ಬರಬೇಕು. ಘಾಟಿಯಲ್ಲಿ ಇಬ್ಬರು ಕೂತು ನಿಧಾನ ಏರಿದರೆ ಬಿಸಿ ಹುಟ್ಟುವುದು ಜಾಸ್ತಿ, ಹೋಗುವುದು ಕಡಿಮೆ. ಆಗುಂಬೆ, ಚಾರ್ಮಾಡಿ, ಮುಳ್ಳಯ್ಯನಗಿರಿ ಕಡೆ ಹೋಗುವವರು ಗಾಡಿ ಶಕ್ತಿ ಕಡಿಮೆ ಮಾಡಿಕೊಂಡಾಗ ಒತ್ತಾಯ ಮಾಡಬೇಡಿ. ಹತ್ತಿಪ್ಪತ್ತು ನಿಮಿಷ ನಿಲ್ಲಿಸಿ. ಜಾಸ್ತಿ ಬಿಸಿಯಾದರೆ ಅಯಸ್ಕಾಂತವೂ ಬಲ ಕಳೆದುಕೊಳ್ಳುತ್ತದೆ, ಅದು ತಣ್ಣಗಾದ ಮೇಲೂ ವಾಪಸ್ ಬರಲ್ಲ. ದಾವಣಗೆರೆ–ಹರಿಹರದ ದಾರಿ ಸಮತಟ್ಟು. ನಿಮ್ಮ ಗಾಡಿಗೆ ಈ ಕಾಯಿಲೆ ಬರೋ ಕಾರಣ ಇಲ್ಲ.

ಈಗ ನೀರಿನ ಮಾತು. ಅವರು ‘ಹೋಗಿದ್ದರೆ’ ಅಂದಿದ್ದಾರೆ. ಆ ‘ರೆ’ ಮೇಲೆ ಯಾರೂ ದುಡ್ಡು ಕಟ್ಟಬಾರದು. ಮೋಟಾರ್ ಒಳಗೆ ನೀರು ಹೋಗಿದೆಯಾ ಇಲ್ಲವಾ ಅನ್ನೋದು ಊಹೆಯ ವಿಷಯ ಅಲ್ಲ, ಕಣ್ಣಿಗೆ ಕಾಣುವಂಥದ್ದು. ನಾನು ಬಿಚ್ಚಿದ ಅಂಥ ಮೋಟಾರ್‌ಗಳು ಎಲ್ಲಾ ಒಂದೇ ಥರ. ಪಕ್ಕದ ಮುಚ್ಚಳದ ಸ್ಕ್ರೂ ತೆಗೆದು ಎಳೆದರೆ ಅಯಸ್ಕಾಂತ ಬಿಡಲ್ಲ, ಪುಲ್ಲರ್ ಹಾಕಿ ಎಬ್ಬಿಸಬೇಕು. ಎದ್ದ ಕೂಡಲೇ ಚಹಾದ ಬಣ್ಣದ ನೀರು ಬೆಂಚಿನ ಮೇಲೆ ಇಳಿಯುತ್ತದೆ. ಉಕ್ಕಿನ ಹಲ್ಲುಗಳ ಮೇಲೆ ಕೆಂಪು ತುಕ್ಕು, ಅಯಸ್ಕಾಂತದ ಅಂಚಲ್ಲಿ ತುಕ್ಕಿನ ಪುಡಿ ಮೀಸೆಯ ಹಾಗೆ ನಿಂತಿರುತ್ತದೆ. ಬಿಚ್ಚದೆಯೂ ಪರೀಕ್ಷೆ ಮಾಡಬಹುದು. ವೈರ್‌ನಿಂದ ಕರೆಂಟು ಸೋರುತ್ತಿದೆಯಾ ಅಂತ ಅಳೆಯುವ ಮೆಗ್ಗರ್ ಅನ್ನೋ ಮೀಟರ್‌ನಲ್ಲಿ ದಪ್ಪ ವೈರ್‌ಗೂ ಆಕ್ಸಲ್‌ಗೂ ನಡುವೆ ನೋಡಿದರೆ ರೀಡಿಂಗ್ ಮೆಗಾ ಓಮ್‌ಗಳಲ್ಲಿ, ಅಂದರೆ ಹತ್ತು ಲಕ್ಷ ಓಮ್‌ಗಳ ಲೆಕ್ಕದಲ್ಲಿ ಇರಬೇಕು. ನೀರು ಕುಡಿದ ಮೋಟಾರ್‌ನಲ್ಲಿ ಅದು ಕುಸಿದಿರುತ್ತದೆ. ಸುಟ್ಟ ಮೋಟಾರ್‌ಗೆ ವಾಸನೆಯೇ ಬೇರೆ, ಬಿಚ್ಚಿದ ತಕ್ಷಣ ಅರಗು ಕರಗಿದ ಹಾಗೆ ಮೂಗಿಗೆ ಹೊಡೆಯುತ್ತದೆ. ಆದ್ದರಿಂದ ಬರಹದಲ್ಲಿ ಕೇಳಿ: ಮೆಗ್ಗರ್ ರೀಡಿಂಗ್ ಎಷ್ಟು? ಬಿಚ್ಚಿದ್ದರೆ ಫೋಟೋ ಎಲ್ಲಿ?

ನಿಮ್ಮ ಗಾಡಿಯ ಕೈಪಿಡಿಯಲ್ಲಿ ಅಥವಾ ಜಾಹೀರಾತಿನಲ್ಲಿ ಮೋಟಾರ್‌ಗೆ ‘ಐಪಿ67’ ಅಂತ ಇದೆಯಾ ನೋಡಿ, ಇದ್ದರೆ ಫೋಟೋ ತೆಗೆದಿಡಿ. ಅದರಲ್ಲಿ 6 ಅಂದರೆ ಧೂಳು ಒಳಗೆ ಹೋಗಲ್ಲ. 7 ಅಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿಸಿಟ್ಟರೂ ಹಾನಿ ಆಗುವಷ್ಟು ನೀರು ಹೋಗಲ್ಲ. ಇಂಥ ಮಾತು ಕೊಟ್ಟು ಮಾರಿದ ಮೇಲೆ, ರಸ್ತೆಯ ಮಳೆ ನೀರಿಗೆ ಕೆಟ್ಟಿತು ಅಂದರೆ ಅದು ಸೀಲ್‌ನ ದೋಷ. ಸೀಲ್ ಮಾಡಿದವರು ನೀವಲ್ಲ. ಒಂದು ಎಚ್ಚರಿಕೆ ಮಾತ್ರ ಇದೆ. 7 ಇದೆ ಅಂದ ಮಾತ್ರಕ್ಕೆ ಜೋರು ಪೈಪಿನ ನೀರಿಗೆ ತಡೆಯುತ್ತೆ ಅಂತಲ್ಲ, ಅದಕ್ಕೆ ಬೇರೆ ಪರೀಕ್ಷೆ ಇದೆ. ವಾಟರ್ ಸರ್ವಿಸ್‌ಗೆ ಬಿಟ್ಟಾಗ ಹುಡುಗರು ಪ್ರೆಶರ್ ಗನ್ ತಂದು ಆಕ್ಸಲ್ ಪಕ್ಕಕ್ಕೇ ಹಿಡಿಯುತ್ತಾರೆ. ಕೇಬಲ್ ಒಳಗೆ ಹೋಗುವ ಜಾಗ ಅದೇ. ಓಡಿಸಿಕೊಂಡು ಬಂದ ಬಿಸಿ ಮೋಟಾರ್ ಮೇಲೆ ತಣ್ಣೀರು ಬಿದ್ದರೆ ಒಳಗಿನ ಗಾಳಿ ಕುಗ್ಗಿ, ಸಂದಿಯಲ್ಲಿರುವ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಬಕೆಟ್, ಬಟ್ಟೆ ಸಾಕು, ಅದೂ ತಣ್ಣಗಾದ ಮೇಲೆ.

ಇನ್ನೊಂದು ವಿಷಯ ನಿಮ್ಮನ್ನು ಕೇಳಬೇಕು. ಇತ್ತೀಚೆಗೆ ಹಿಂದಿನ ಟೈರ್ ಬದಲಾಯಿಸಿದ್ದಿರಾ? ಪಂಕ್ಚರ್ ಅಂಗಡಿಯಲ್ಲಿ ಚಕ್ರ ಬಿಚ್ಚಿದರೆ ಆಕ್ಸಲ್ ತಿರುಗದ ಹಾಗೆ ಹಿಡಿಯುವ ಹಲ್ಲಿನ ವಾಷರ್ ಒಂದಿರುತ್ತದೆ, ಅದನ್ನು ತಿರುಗಾಮುರುಗಾ ಹಾಕಿಬಿಡುತ್ತಾರೆ. ನಟ್ ಸಡಿಲ ಇದ್ದರೆ ಆಕ್ಸಲ್ ತಾನೇ ತಿರುಗಿ ಕೇಬಲ್‌ನ್ನು ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತದೆ. ಮೊದಲು ತುಂಡಾಗೋದು ಆ ಐದು ಸಣ್ಣ ವೈರ್‌ಗಳೇ. ಕೇಬಲ್ ಆಕ್ಸಲ್‌ಗೆ ಹೋಗುವ ಮೊದಲು ಸ್ವಲ್ಪ ಕೆಳಗೆ ಬಾಗಿ ಮೇಲೆ ಹೋಗಬೇಕು, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳಲಿ ಅಂತ. ಬಿಗಿಯಾಗಿ ನೇರ ಎಳೆದು ಕಟ್ಟಿದರೆ ಮಳೆ ನೀರು ಕೇಬಲ್ ಹಿಡಿದುಕೊಂಡೇ ಒಳಗೆ ಇಳಿಯುತ್ತದೆ. ಟೈರ್ ಕೆಲಸ ಹೊರಗೆ ಮಾಡಿಸಿದ್ದರೆ ಅದನ್ನು ಮುಚ್ಚಿಡಬೇಡಿ, ಮುಂದೆ ಹೊರಬಂದರೆ ನಿಮ್ಮ ಮಾತಿಗೇ ಬೆಲೆ ಹೋಗುತ್ತದೆ.

ಸರಿ, ಇಷ್ಟು ಸಣ್ಣ ಕೆಲಸಕ್ಕೆ 38 ದಿನ ಯಾಕೆ? ಒಳಗೆ ಇದ್ದು ನೋಡಿದವನಾಗಿ ಹೇಳುತ್ತೇನೆ. ಸರ್ವಿಸ್ ಸೆಂಟರ್‌ನಲ್ಲಿ ಮೋಟಾರ್ ರಿಪೇರಿ ಮಾಡುವುದಿಲ್ಲ, ಬದಲಾಯಿಸುತ್ತಾರೆ. ಬಿಚ್ಚಿ ಸೆನ್ಸರ್ ಹಾಕುವ ಅನುಮತಿ ಆ ಹುಡುಗರಿಗಿಲ್ಲ, ಬಹಳ ಕಡೆ ಅದರ ಕೆಲಸವನ್ನೂ ಕಲಿಸಿರುವುದಿಲ್ಲ. ಟೆಕ್ನಿಷಿಯನ್ ಗಾಡಿಯ ಲಾಗ್, ಅಂದರೆ ಗಾಡಿಯೊಳಗೆ ದಾಖಲಾದ ಮಾಹಿತಿ ತೆಗೆದು ಕಂಪನಿಗೆ ಕಳಿಸಬೇಕು. ಅಲ್ಲಿನ ವಾರಂಟಿ ವಿಭಾಗ ನೋಡಿ ಮಂಜೂರು ಮಾಡಬೇಕು, ಅನುಮಾನ ಬಂದರೆ ಇನ್ನೊಂದು ಫೋಟೋ ಕೇಳುತ್ತದೆ, ಅಲ್ಲಿಗೆ ನಾಲ್ಕು ದಿನ ಹೋಯಿತು. ಆಮೇಲೆ ಸಾಮಾನು ಗೋದಾಮಿನಿಂದ ಹೊರಡಬೇಕು. ಗೋದಾಮಿನಲ್ಲಿ ಇಲ್ಲದಿದ್ದರೆ ಕಾರ್ಖಾನೆಯಿಂದ. ಕಾರ್ಖಾನೆಯಲ್ಲಿ ಇರುವ ಮೋಟಾರ್ ಹೊಸ ಗಾಡಿಗೆ ಹೋಗಬೇಕಾ, ಕೆಟ್ಟ ಗಾಡಿಗೆ ಬರಬೇಕಾ ಅನ್ನೋ ಪ್ರಶ್ನೆ ಬಂದಾಗ ಹೊಸ ಗಾಡಿಯೇ ಗೆಲ್ಲುತ್ತದೆ. ಹೊಸ ಗಾಡಿ ಮಾರಿದರೆ ದುಡ್ಡು ಬರುತ್ತದೆ, ನಿಮ್ಮ ದುಡ್ಡು ಆಗಲೇ ಬಂದಿದೆ. ಇದು ನನಗೆ ಇವತ್ತಿಗೂ ಸಹಿಸೋಕಾಗದ ವಿಷಯ.

ಇದರ ಮೇಲೆ 2025ರಲ್ಲಿ ಒಂದು ನಿಜವಾದ ಕಷ್ಟವೂ ಬಂತು. ಈ ಮೋಟಾರ್‌ಗಳ ಅಯಸ್ಕಾಂತ ನಿಯೋಡಿಮಿಯಂನದ್ದು, ಬಿಸಿ ತಡೆಯಲಿ ಅಂತ ಅದಕ್ಕೆ ಡಿಸ್ಪ್ರೋಸಿಯಂ, ಟರ್ಬಿಯಂ ಅನ್ನೋ ಅಪರೂಪದ ಲೋಹಗಳನ್ನು ಸ್ವಲ್ಪ ಬೆರೆಸುತ್ತಾರೆ. ಇವು ಬರುವುದು ಹೆಚ್ಚಾಗಿ ಚೀನಾದಿಂದ. 2025ರ ಏಪ್ರಿಲ್‌ನಲ್ಲಿ ಚೀನಾ ಈ ಲೋಹಗಳಿಗೂ ಇಂಥ ಅಯಸ್ಕಾಂತಗಳಿಗೂ ರಫ್ತು ಪರವಾನಗಿ ಬೇಕು ಅಂತ ನಿಯಮ ಮಾಡಿತು. ಆ ವರ್ಷ ನಮ್ಮ ದೇಶದ ಎಲೆಕ್ಟ್ರಿಕ್ ಗಾಡಿ ಕಂಪನಿಗಳಿಗೆ ಅಯಸ್ಕಾಂತದ ಕೊರತೆ ತಟ್ಟಿತು. ಆದ್ದರಿಂದ ‘ಸಾಮಾನು ಬಂದಿಲ್ಲ’ ಅನ್ನೋದು ಯಾವಾಗಲೂ ಸುಳ್ಳಲ್ಲ. ಆದರೆ ಸಾಮಾನು ತರಿಸುವುದು ಮಾರಿದವರ ಹೊಣೆ. ಅದರ ಭಾರ ನಿಮ್ಮ ಬಸ್ ಚಾರ್ಜಿನ ಮೇಲೆ ಬೀಳಬಾರದು. ಮತ್ತೆ, ಹಾಲ್ ಸೆನ್ಸರ್‌ನ ತೊಂದರೆಗೆ ಹೊಸ ಅಯಸ್ಕಾಂತ ಬೇಕಾಗಿಯೇ ಇಲ್ಲ.

ನೀವು ಒಬ್ಬರೇ ಅಲ್ಲ ಅನ್ನೋದಕ್ಕೆ ಒಂದು ಲೆಕ್ಕ ಹೇಳುತ್ತೇನೆ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಒಂದು ದೊಡ್ಡ ಇ-ಸ್ಕೂಟರ್ ಕಂಪನಿಗೆ ನೋಟಿಸ್ ಕೊಟ್ಟಿತು. ಒಂದೇ ವರ್ಷದಲ್ಲಿ ಆ ಕಂಪನಿಯ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಬಂದ ದೂರು 10,644. ಅದರಲ್ಲಿ 3,389 ಸರ್ವಿಸ್ ತಡವಾದ ದೂರುಗಳೇ. ಹೆಚ್ಚುಕಡಿಮೆ ಎಲ್ಲಾ ದೂರು ಬಗೆಹರಿಸಿದ್ದೇವೆ ಅಂತ ಕಂಪನಿ ಆಮೇಲೆ ಹೇಳಿತು. ಆ ನೋಟಿಸ್‌ಗೆ ಒಂದು ತಿಂಗಳ ಮೊದಲು ಕಲಬುರಗಿಯಲ್ಲಿ ಒಬ್ಬ ಯುವಕ, ಹೊಸ ಗಾಡಿ ರಿಪೇರಿ ಆಗಲಿಲ್ಲ ಅಂತ ಶೋರೂಮಿಗೇ ಬೆಂಕಿ ಹಚ್ಚಿದ. ಗಾಡಿಗಳು ಸುಟ್ಟವು, ಅವನನ್ನು ಪೊಲೀಸರು ಹಿಡಿದರು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಅವನ ಕೈಯಲ್ಲಿ ಒಂದು ಸರಿಯಾದ ಜಾಬ್ ಕಾರ್ಡ್ (ಗಾಡಿ ಬಿಟ್ಟಾಗ ಸರ್ವಿಸ್ ಸೆಂಟರ್‌ನವರು ಬರೆಯುವ ಚೀಟಿ) ಇದ್ದಿದ್ದರೆ, ಅದನ್ನು ಎಲ್ಲಿಗೆ ಒಯ್ಯಬೇಕು ಅಂತ ಯಾರಾದರೂ ಹೇಳಿದ್ದಿದ್ದರೆ ಅನ್ನಿಸಿತು.

ಆದ್ದರಿಂದ ಈಗ ಕಾಗದದ ಕೆಲಸ. ನಾಳೆಯೇ ಸರ್ವಿಸ್ ಸೆಂಟರ್‌ಗೆ ಹೋಗಿ ಎರಡೂ ಜಾಬ್ ಕಾರ್ಡ್ ಪ್ರತಿ ಕೇಳಿ. ಮೊದಲನೆಯದು ಕಂಟ್ರೋಲರ್ ಹಾಕಿದ ಸಲದ್ದು, ಎರಡನೆಯದು ಈಗಿನದ್ದು. ಗಾಡಿ ಒಳಗೆ ಹೋದ ತಾರೀಕು, ಕಿ.ಮೀ., ನೀವು ಹೇಳಿದ ತೊಂದರೆ ಅದರಲ್ಲಿ ಇರಬೇಕು. ‘ಜನರಲ್ ಚೆಕಪ್’ ಅಂತ ಬರೆದಿದ್ದರೆ ಒಪ್ಪಬೇಡಿ. ‘ಹೊರಡುವಾಗ ನಡುಗುತ್ತದೆ, ತಳ್ಳಿದರೆ ಓಡುತ್ತದೆ, ತೇವ ಇದ್ದಾಗ ಜಾಸ್ತಿ’ ಅಂತಲೇ ಬರೆಸಿ. ಡ್ಯಾಶ್‌ನಲ್ಲಿ ಎರರ್ ಕೋಡ್ ಬಂದಿದ್ದರೆ ಅದರ ಫೋಟೋ ಇಟ್ಟುಕೊಳ್ಳಿ. ಕಪ್ಲರ್ ಮತ್ತು ಹಾಲ್ ಪರೀಕ್ಷೆ ನಿಮ್ಮ ಎದುರೇ ಮಾಡಿ ಅಂತ ಕೇಳಿ. ಬಹಳ ಸಲ ಕೆಲಸ ಅಲ್ಲೇ ಮುಗಿಯುತ್ತದೆ.

ಅಲ್ಲೇ ಇನ್ನೊಂದು ಕೆಲಸ ಮರೆಯಬೇಡಿ, ಬ್ಯಾಟರಿ. ಇಷ್ಟು ದಿನದಿಂದ ಗಾಡಿ ಮೂಲೆಯಲ್ಲಿ ನಿಂತಿದೆ. ನಿಂತ ಗಾಡಿಯೂ ಸ್ವಲ್ಪ ಸ್ವಲ್ಪ ಚಾರ್ಜ್ ತಿನ್ನುತ್ತಾ ಇರುತ್ತದೆ. ಲಿಥಿಯಂ ಬ್ಯಾಟರಿ ಪೂರ್ತಿ ಬರಿದಾಗಿ ಹಾಗೇ ಬಿದ್ದಿದ್ದರೆ ಸೆಲ್‌ಗಳು ಕೆಡುತ್ತವೆ. ಮೋಟಾರ್ ಬರೋ ಹೊತ್ತಿಗೆ ಬ್ಯಾಟರಿ ಹೋಗಿದೆ ಅನ್ನೋ ಹೊಸ ರೋಗ ಶುರುವಾಗಿದ್ದನ್ನು ನಾನು ನೋಡಿದ್ದೇನೆ. ಈಗ ಎಷ್ಟು ಚಾರ್ಜ್ ಇದೆ ಅಂತ ನೋಡಿ ಫೋಟೋ ತೆಗೆಯಿರಿ. ಅರ್ಧದ ಹತ್ತಿರ ಇರೋ ಹಾಗೆ ಆಗಾಗ ಚಾರ್ಜ್ ಮಾಡಿ ಅಂತ ಜಾಬ್ ಕಾರ್ಡ್ ಮೇಲೇ ಬರೆಸಿ.

ಆಮೇಲೆ ಕಂಪನಿಗೆ ಒಂದು ಇಮೇಲ್, ಡೀಲರ್‌ಗೂ ಅದರ ಪ್ರತಿ. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇರಲ್ಲ. ಉದ್ದ ಬೇಡ, ಬೈಯುವುದು ಬೇಡ. ಹೀಗೆ ಬರೆದರೆ ಸಾಕು:

‘ನನ್ನ ಸ್ಕೂಟರ್ (ನೋಂದಣಿ ಸಂಖ್ಯೆ, ಚಾಸಿಸ್ ಸಂಖ್ಯೆ) ಇಂಥ ತಾರೀಕಿನಿಂದ ನಿಮ್ಮ ಸರ್ವಿಸ್ ಸೆಂಟರ್‌ನಲ್ಲಿದೆ. ಜಾಬ್ ಕಾರ್ಡ್ ಸಂಖ್ಯೆ ಇಂತಿಷ್ಟು. ಮೊದಲು ಕಂಟ್ರೋಲರ್ ಬದಲಾಯಿಸಿದಿರಿ, ಅದೇ ದೋಷ ಮತ್ತೆ ಬಂದಿದೆ. ಮೋಟಾರ್‌ನಲ್ಲಿ ಯಾವ ದೋಷ ಕಂಡಿದೆ, ಯಾವ ಪರೀಕ್ಷೆಯಿಂದ ಗೊತ್ತಾಯಿತು ಎಂದು ಬರಹದಲ್ಲಿ ತಿಳಿಸಿ. ನೀರು ಹೋಗಿದೆ ಎನ್ನುವುದಾದರೆ ಫೋಟೋ ಮತ್ತು ಮೆಗ್ಗರ್ ರೀಡಿಂಗ್ ಕೊಡಿ. ಬಿಡಿಭಾಗ ಯಾವ ದಿನ ಆರ್ಡರ್ ಮಾಡಿದ್ದೀರಿ, ಯಾವ ದಿನ ಗಾಡಿ ಕೊಡುತ್ತೀರಿ ತಿಳಿಸಿ. ಅಲ್ಲಿಯವರೆಗೆ ಬದಲಿ ಗಾಡಿ ಕೊಡಿ. ನಿಂತ ದಿನಗಳಷ್ಟು ವಾರಂಟಿ ಮುಂದುವರಿಸಿ. 15 ದಿನದೊಳಗೆ ಉತ್ತರ ಬೇಕು.’

ಇಷ್ಟು ಬರೆದ ಮೇಲೆ ಕಾಯುವುದು ಬೇಡ, ಜೊತೆಗೇ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ದೂರು ಕೊಡಬಹುದು. ಅವರು ಕೋರ್ಟ್ ಅಲ್ಲ, ಕಂಪನಿಗೆ ಆದೇಶ ಮಾಡಲ್ಲ. ಆದರೆ ನಿಮ್ಮ ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ. ದೊಡ್ಡ ಕಂಪನಿಗಳಲ್ಲಿ ಆ ದೂರು ನೋಡೋಕೆ ಬೇರೆ ಜನ ಇರುತ್ತಾರೆ, ಸರ್ವಿಸ್ ಸೆಂಟರ್ ಕೌಂಟರ್‌ನಲ್ಲಿ ಅಲುಗಾಡದ ಫೈಲ್ ಅಲ್ಲಿಂದ ಅಲುಗಾಡಿದ್ದನ್ನು ನೋಡಿದ್ದೇನೆ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

15 ದಿನಕ್ಕೂ ಉತ್ತರ ಬರದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್, ಆಮೇಲೆ ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗ. ಗಾಡಿ ಎಲ್ಲೇ ತಗೊಂಡಿರಲಿ, ಕಂಪನಿ ಎಲ್ಲೇ ಇರಲಿ, ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆ ಕೊಟ್ಟ ಅನುಕೂಲ ಅದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ, ನೀವೇ ವಾದ ಮಾಡಬಹುದು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಹಾಕಬಹುದು. ತೊಂದರೆ ಶುರುವಾಗಿ ಎರಡು ವರ್ಷದೊಳಗೆ ಹಾಕಬೇಕು. ಡೀಲರ್, ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರನ್ನೇ ಮಾಡಿದರೆ ಅವರು ಇನ್ನೊಬ್ಬರ ಕಡೆ ಕೈ ತೋರಿಸಿ ಸುಮ್ಮನಾಗುತ್ತಾರೆ. ಈ 38 ದಿನದ ಬಸ್, ಆಟೋ ಖರ್ಚು ಒಂದು ನೋಟ್‌ಬುಕ್‌ನಲ್ಲಿ ತಾರೀಕು ಹಾಕಿ ಬರೆದಿಡಿ, ಟಿಕೆಟ್ ಇದ್ದರೆ ಪಿನ್ ಮಾಡಿ.

ಏನು ಕೇಳಬೇಕು ಅನ್ನೋದರಲ್ಲಿ ಸ್ವಲ್ಪ ಹಿಡಿತ ಇರಲಿ. ‘ಹೊಸ ಗಾಡಿಯೇ ಕೊಡಿ’ ಅಂತ ಎಲ್ಲರೂ ಕೇಳುತ್ತಾರೆ. ಆದರೆ 2006ರಲ್ಲಿ ಒಂದು ಕಾರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯಲ್ಲಿ ಇರುವುದು ಕೆಟ್ಟ ಭಾಗ ಬದಲಾಯಿಸುವ ಮಾತಾದರೆ ಇಡೀ ಗಾಡಿ ಬದಲಾಯಿಸಿ ಅನ್ನೋಕೆ ಬರಲ್ಲ ಅಂದಿದೆ. ಹೊಸ ಗಾಡಿ ಸಿಗಬೇಕಾದರೆ ತಯಾರಿಕೆಯಲ್ಲೇ ದೋಷ ಇದೆ, ರಿಪೇರಿಗೆ ಬಗ್ಗುತ್ತಿಲ್ಲ ಅಂತ ತೋರಿಸಬೇಕು. ನಿಮ್ಮದಕ್ಕೆ, ಗಾಡಿ ಸರಿಮಾಡಿಕೊಡಿ, ತಡ ಮಾಡಿದ್ದಕ್ಕೆ ಪರಿಹಾರ ಕೊಡಿ, ಓಡಾಟದ ಖರ್ಚು ಕೊಡಿ, ವಾರಂಟಿ ಮುಂದುವರಿಸಿ ಅನ್ನೋದು ನ್ಯಾಯವಾದ ಬೇಡಿಕೆ.

ಕಂತು ನಿಲ್ಲಿಸಬೇಡಿ. ಗಾಡಿ ಕೆಟ್ಟಿದ್ದರೂ ಸಾಲ ಕೊಟ್ಟ ಬ್ಯಾಂಕಿಗೆ ಅದು ಬೇರೆಯೇ ಒಪ್ಪಂದ. ನಿಲ್ಲಿಸಿದರೆ ದಂಡ ಬೀಳುತ್ತದೆ, ಸಿಬಿಲ್ ಸ್ಕೋರ್ ಇಳಿಯುತ್ತದೆ, ನಾಳೆ ಮನೆ ಸಾಲಕ್ಕೆ ಹೋದಾಗ ನಿಮಗೇ ತೊಂದರೆ. ಕೋಪ ಬರೋದು ಸಹಜ, ಓಡದ ಗಾಡಿಗೆ ತಿಂಗಳು ತಿಂಗಳು ಕಟ್ಟೋದು ಹೊಟ್ಟೆ ಉರಿಯುವ ಕೆಲಸ. ಕಟ್ಟಿದ ಕಂತುಗಳ ವಿವರವನ್ನೂ ದೂರಿಗೆ ಸೇರಿಸಿ, ಗಾಡಿ ಇಲ್ಲದೆಯೂ ಕಟ್ಟಿದ್ದೀರಿ ಅನ್ನೋದು ಆಯೋಗಕ್ಕೆ ಕಾಣಲಿ.

ಗಾಡಿ ವಾಪಸ್ ಕೊಡುವ ದಿನ ಕೀ ತಗೊಂಡು ಸೀದಾ ಮನೆಗೆ ಹೋಗಬೇಡಿ. ಹೊಸ ಮೋಟಾರ್ ಹಾಕಿದ್ದರೆ ಅದರ ಸೀರಿಯಲ್ ನಂಬರ್ ಬಿಲ್‌ನಲ್ಲಿ ಬರೆಸಿ. ಬದಲಾದ ಭಾಗಕ್ಕೆ ವಾರಂಟಿ ಎಷ್ಟು ದಿನ ಅಂತ ಕೇಳಿ. ಹಳೆಯ ವಾರಂಟಿಯ ಉಳಿದ ದಿನಗಳು ಮಾತ್ರ ಅನ್ನುವ ಕಂಪನಿಗಳೇ ಜಾಸ್ತಿ, ಇಮೇಲ್‌ನಲ್ಲಿ ಮುಂದುವರಿಸಿ ಅಂತ ಕೇಳಿದ್ದು ಅದಕ್ಕೇ. ಒಬ್ಬರನ್ನು ಹಿಂದೆ ಕೂರಿಸಿಕೊಂಡು ಐದಾರು ಕಿ.ಮೀ. ಓಡಿಸಿ. ಹತ್ತು ಸಲ ನಿಲ್ಲಿಸಿ ಹತ್ತು ಸಲ ಹೊರಡಿ, ನಿಮ್ಮ ರೋಗ ಇದ್ದಿದ್ದು ಹೊರಡುವಾಗ ತಾನೇ. ಆಕ್ಸಲ್ ಹತ್ತಿರ ಕೇಬಲ್ ಕೆಳಗೆ ಬಾಗಿದೆಯಾ ಬಗ್ಗಿ ನೋಡಿ.

ವಾರಂಟಿ ಮುಗಿದ ಗಾಡಿ ಇರುವ ಓದುಗರಿಗೂ ಒಂದು ಮಾತು. ಕಂಪನಿಯವರು ಇಡೀ ಮೋಟಾರ್‌ಗೆ ಲೆಕ್ಕ ಹೇಳಿದ ಕೂಡಲೇ ತಲೆ ಮೇಲೆ ಕೈ ಹೊತ್ತು ಕೂರಬೇಡಿ. ನಮ್ಮ ಊರುಗಳಲ್ಲಿ ಪಂಪ್‌ಸೆಟ್ ಮೋಟಾರ್‌ಗೆ ವೈಂಡಿಂಗ್ ಮಾಡುವವರು ಇದ್ದಾರೆ. ಕೈ ಪಳಗಿದವರು ಸ್ಕೂಟರ್ ಮೋಟಾರ್‌ನ ಕಾಯಿಲ್ ಕೂಡ ಕಟ್ಟಬಲ್ಲರು. ಹಳೆಯ ತಂತಿ ಕೀಳುವ ಮೊದಲು ಎಷ್ಟು ಸುತ್ತು, ಎಷ್ಟು ಎಳೆ, ಯಾವ ಗೇಜ್ ಅಂತ ಎಣಿಸಿ ಬರೆದುಕೊಳ್ಳುವವರ ಹತ್ತಿರ ಮಾತ್ರ ಕೊಡಿ. ಹಾಲ್ ಸೆನ್ಸರ್ ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಬಿಡಿಯಾಗಿ ಸಿಗುತ್ತದೆ. ಒಂದು ಹೋಗಿದ್ದರೂ ಮೂರನ್ನೂ ಒಟ್ಟಿಗೆ ಹಾಕಿಸಿ, ಮುಚ್ಚಳ ಮತ್ತೆ ಮತ್ತೆ ತೆಗೆಯೋದು ಬೇಡ.

ಮೇಡಂ, ನಿಮ್ಮ ಗಾಡಿ ಇನ್ನೂ ವಾರಂಟಿಯಲ್ಲಿದೆ, ಹೊರಗೆ ಬಿಚ್ಚಿಸಬೇಡಿ. ನಾಳೆ ಹೋದಾಗ ಕಪ್ಲರ್ ಬಿಚ್ಚಿಸಿ, ಐದೂ ಪಿನ್ ಕಾಣುವ ಹಾಗೆ ಹತ್ತಿರದಿಂದ ಒಂದು ಫೋಟೋ ತೆಗೆದು ಕಳಿಸಿ. ಮೂರು ವೈರ್‌ನ ವೋಲ್ಟೇಜ್ ರೀಡಿಂಗ್ ಸಿಕ್ಕರೆ ಅದನ್ನೂ ಬರೆಯಿರಿ. ನೋಡಿದ ದಿನವೇ ಉತ್ತರ ಕೊಡುತ್ತೇನೆ.